ಅಪ್ಪನ ಮಾವಿನ ತೋಟ ಕೇಳಿದ ಪ್ರಶ್ನೆ

‘ಗಿಡ ನೆಡೋದಕ್ಕೂ ಡಿಗ್ರಿ ಓದಬೇಕೇನಪ್ಪಾ?’ ಬಿಎಸ್ಸಿ ತೋಟಗಾರಿಕೆಗೆ ಸೀಟು ಸಿಕ್ಕಾಗ ಹನೂರಿನ ಬಸ್ ನಿಲ್ದಾಣದಲ್ಲಿ ನೆಂಟರೊಬ್ಬರು ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ, ರಾಗಿ ಬೆಳೆಯುತ್ತಿದ್ದ ಒಂದು ಎಕರೆಯಲ್ಲಿ 40 ಬಾದಾಮಿ ಮಾವಿನ ಕಸಿ ಗಿಡ ನೆಟ್ಟರು. ಗಾಡಿಯಲ್ಲಿ ಮಾರಲು ಬಂದವರಿಂದ ಕೊಂಡ ಗಿಡಗಳು. ಬೇಸಿಗೆಯಲ್ಲಿ ಅವ್ವ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡಳು. ಏಳು ವರ್ಷದ ಮೇಲೆ ಕಾಯಿ ಬಿಟ್ಟಿತು. ಹುಳಿ, ಬರೀ ನಾರು. ‘ನಮ್ಮ ಮಣ್ಣೇ ಸರಿಯಿಲ್ಲ’ ಎಂದು ಅಪ್ಪ ಸುಮ್ಮನಾದರು.

ಎರಡನೇ ವರ್ಷದ ನರ್ಸರಿ ಪ್ರಾಯೋಗಿಕ ತರಗತಿಯಲ್ಲಿ ಮೇಷ್ಟ್ರು ಹೇಳಿದ ಮಾತು ಎದೆಗೆ ನಾಟಿತು. ಕಸಿಗಂಟಿನ ಕೆಳಗೆ ಬರುವ ಚಿಗುರು ಬೇರುಗಿಡದ್ದು, ಕಂಡ ಕೂಡಲೇ ಚಿವುಟಬೇಕು. ಬಿಟ್ಟರೆ ಮೇಲಿನ ಕಸಿಕಡ್ಡಿ ಸೊರಗಿ, ಅದೇ ಮರವಾಗುತ್ತದೆ. ರಜೆಗೆ ಹೋದವನೇ ತೋಟಕ್ಕೆ ಓಡಿದೆ. ಹೆಚ್ಚಿನ ಮರಗಳಲ್ಲಿ ಕಸಿ ಒಣಗಿದ ಮೋಟು ಮಾತ್ರ ಉಳಿದಿತ್ತು. ತಪ್ಪು ಮಣ್ಣಿನದ್ದಲ್ಲ, ಅಪ್ಪನದ್ದೂ ಅಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ರಾಜ್ಯದ ತೋಟಗಾರಿಕೆಗೆ ಬುನಾದಿ ಹಾಕಿದ ಡಾ. ಎಂ.ಎಚ್. ಮರಿಗೌಡರು ನಮ್ಮ ಪಕ್ಕದ ಬನ್ನೂರು ಸೀಮೆಯವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ ಹಿಂತಿರುಗಿ, ಊರೂರಲ್ಲಿ ತೋಟಗಾರಿಕಾ ಕ್ಷೇತ್ರ, ನರ್ಸರಿ ಕಟ್ಟಿಸಿದರು. ರೈತನಿಗೆ ಖಾತ್ರಿಯಾದ ಗಿಡ ಹತ್ತಿರದಲ್ಲೇ ಸಿಗಬೇಕೆಂಬುದು ಅದರ ಹಿಂದಿನ ಆಸೆ. ಇಂದು ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ, ಮೈಸೂರಿನಲ್ಲಿ ತೋಟಗಾರಿಕಾ ಕಾಲೇಜಿದೆ. ಆದರೆ ನನ್ನ ಸಹಪಾಠಿಗಳಲ್ಲಿ ಅನೇಕರ ಕಣ್ಣು ಬ್ಯಾಂಕ್ ಪರೀಕ್ಷೆಯ ಮೇಲೆ. ಅವರನ್ನು ದೂರಲಾರೆ, ಮನೆಯ ಸಾಲ ಕಾಯುವುದಿಲ್ಲ. ಆದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಿಗೆ ಒಳ್ಳೆಯ ತಾಯಿಮರವಿರುವ ನರ್ಸರಿ ನಡೆಸುವವರು, ಸವರುವವರು, ಕಸಿ ಕಟ್ಟುವವರು ಬೇಕು. ಅದೂ ಉದ್ಯೋಗವೇ.

ಕಳೆದ ವರ್ಷ ಆರು ಮರಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಹೊಸ ಚಿಗುರಿಗೆ ಬಾದಾಮಿ ಕಸಿ ಕಟ್ಟೋಣ ಎಂದೆ. ಅವ್ವ ನೀರು ಹೊತ್ತು ಬೆಳೆಸಿದ ಮರಕ್ಕೆ ಮಚ್ಚು ಹಾಕಲು ಅಪ್ಪನ ಕೈ ಏಳಲಿಲ್ಲ. ನಾನೇ ಕತ್ತರಿಸಿದೆ. ಮೂರು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ನಾಲ್ಕು ಮರಗಳಲ್ಲಿ ಕಸಿ ಹಿಡಿದಿದೆ. ಹಣ್ಣಿಗೆ ಇನ್ನೂ ಕಾಯಬೇಕು. ಈಗ ಅಪ್ಪ ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ, ಗಂಟಿನ ಕೆಳಗಿನ ಚಿಗುರನ್ನು ತಾವೇ ಚಿವುಟಿ ಬರುತ್ತಾರೆ. ಆ ನೆಂಟರು ಮತ್ತೆ ಸಿಕ್ಕರೆ, ನಮ್ಮ ತೋಟಕ್ಕೊಮ್ಮೆ ಬನ್ನಿ ಎನ್ನುತ್ತೇನೆ.