ಹದಿಹರೆಯದಲ್ಲಿ ಹೆತ್ತವರ ಅಗಲಿಕೆ

ಸತ್ತವರು ಮರಳಿ ಬರುವುದಿಲ್ಲ ಎಂಬುದು ಹದಿಹರೆಯದವರಿಗೆ ದೊಡ್ಡವರಷ್ಟೇ ಸ್ಪಷ್ಟವಾಗಿ ತಿಳಿದಿರುತ್ತದೆ. ಆದರೆ ಭಾವನೆಗಳನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಹೆತ್ತವರಿಂದ ತುಸುತುಸುವೇ ದೂರ ಸರಿದು ಸ್ವಂತ ಕಾಲ ಮೇಲೆ ನಿಲ್ಲಲು ಕಲಿಯುವ ಈ ವಯಸ್ಸಿನಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡರೆ, ಮುನಿಸಿಕೊಂಡು ಹೋದರೂ ಮರಳಿ ಬರಬಹುದಾದ ಆಸರೆಯೇ ಇಲ್ಲವಾಗುತ್ತದೆ. ಕೊನೆಯ ದಿನ ಎದುರಾಡಿದ ಒಂದು ಮಾತು ವರ್ಷಗಟ್ಟಲೆ ಕೊರೆಯುತ್ತದೆ.

ಈ ದುಃಖ ಅಳುವಾಗಿಯೇ ಹೊರಬರಬೇಕೆಂದಿಲ್ಲ. ಮುಂಗೋಪ, ಮೌನ, ನಿದ್ದೆಗೇಡು, ಓದಿನಲ್ಲಿ ಹಿಂದೆ ಬೀಳುವುದು ಇವೆಲ್ಲ ಅದರ ರೂಪಗಳೇ. ಕೆಲವರು ಅಳಲನ್ನು ನುಂಗಿಕೊಂಡು ಮನೆಯ ಹೊಣೆ ಹೊರುತ್ತಾರೆ. ‘ಎಷ್ಟು ಗಟ್ಟಿ ಮನಸ್ಸು’ ಎಂದು ನೆಂಟರಿಷ್ಟರು ಮೆಚ್ಚುವಾಗ ಒಳಗಿನ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದ ಬಾಸ್ಟನ್ ಸುತ್ತಮುತ್ತ ಸಂಶೋಧಕರಾದ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 70 ಕುಟುಂಬಗಳ, 6ರಿಂದ 17 ವರ್ಷದ 125 ಮಕ್ಕಳನ್ನು ಎರಡು ವರ್ಷ ಅಧ್ಯಯನ ಮಾಡಿದರು. ಹೆಚ್ಚಿನ ಮಕ್ಕಳು ಚೇತರಿಸಿಕೊಂಡರು. ಸುಮಾರು ಐದರಲ್ಲೊಂದು ಪಾಲಿನವರಲ್ಲಿ ಗಂಭೀರ ತೊಂದರೆ ಕಂಡಿತು. ಕೆಲವರಲ್ಲಿ ಅದು ತಲೆದೋರಿದ್ದು ಎರಡನೆಯ ವರ್ಷದಲ್ಲಿ, ಸಾಂತ್ವನ ಹೇಳುವವರು ತಮ್ಮ ತಮ್ಮ ಕೆಲಸಕ್ಕೆ ಮರಳಿದ ಮೇಲೆ. ಬಹುಪಾಲು ಮಕ್ಕಳು ಅಗಲಿದವರ ಯಾವುದಾದರೊಂದು ವಸ್ತುವನ್ನು ಜೋಪಾನ ಮಾಡಿಕೊಂಡಿದ್ದರು. ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಪರೀಕ್ಷೆಗೆ ಹೋಗುವುದು, ವಾಸನೆ ಹೋದೀತೆಂದು ಅಮ್ಮನ ಸೀರೆಯನ್ನು ಒಗೆಯದೆ ಮಡಿಸಿಡುವುದು ರೋಗವಲ್ಲ. ಅದು ನಂಟನ್ನು ಉಳಿಸಿಕೊಳ್ಳುವ ದಾರಿ.

ಪರಿಣಾಮ ದೀರ್ಘಕಾಲದ್ದೂ ಹೌದು. ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್‌ಗಳ 70 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 18 ತುಂಬುವ ಮೊದಲೇ ತಂದೆ ಅಥವಾ ತಾಯಿಯನ್ನು ಕಳೆದುಕೊಂಡವರು ಮುಂದೆ ಅಕಾಲದಲ್ಲಿ ಸಾಯುವ ಸಂಭವ ಉಳಿದವರಿಗಿಂತ ಶೇ. 50ರಷ್ಟು ಅಧಿಕ. ಎಳೆಯ ವಯಸ್ಸಿನಲ್ಲಿ ಸಾವೇ ವಿರಳವಾದ್ದರಿಂದ ಒಬ್ಬೊಬ್ಬರ ಮಟ್ಟಿಗೆ ಈ ಅಪಾಯ ಸಣ್ಣದು. ಇದಲ್ಲದೆ ಪದವಿ, ಮದುವೆ, ಮೊದಲ ಮಗುವಿನ ಜನನದಂಥ ಘಟ್ಟಗಳಲ್ಲಿ ದುಃಖ ಮತ್ತೆ ಮರಳುತ್ತದೆ. ಅದು ಸಹಜ. ತಿಂಗಳುಗಟ್ಟಲೆ ತಗ್ಗದೆ ದಿನನಿತ್ಯದ ಬದುಕನ್ನೇ ಕೆಡಿಸುವ ಶೋಕ ಮಾತ್ರ ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವೂ ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ.

ಮಗುವಿನ ಮುಂದಿನ ದಾರಿಯನ್ನು ಸಾವಿಗಿಂತ ಮಿಗಿಲಾಗಿ ಸಾವಿನ ನಂತರದ ಮನೆ ನಿರ್ಧರಿಸುತ್ತದೆ. ಉಳಿದಿರುವ ತಂದೆ ಅಥವಾ ತಾಯಿ ಹೇಗೆ ಬದುಕನ್ನು ಮತ್ತೆ ಹಿಡಿಯುತ್ತಾರೆ ಎಂಬುದೇ ಎಲ್ಲಕ್ಕಿಂತ ಮುಖ್ಯ ಎಂದು ಬಾಸ್ಟನ್ ಅಧ್ಯಯನ ಕಂಡುಕೊಂಡಿತು. ಅಮೆರಿಕದ ಅರಿಜೋನಾದಲ್ಲಿ ಸಂಶೋಧಕ ಇರ್ವಿನ್ ಸ್ಯಾಂಡ್ಲರ್ ತಂಡ 156 ಕುಟುಂಬಗಳೊಂದಿಗೆ ಇದನ್ನೇ ಪರೀಕ್ಷಿಸಿತು. ಮಕ್ಕಳೂ ಪೋಷಕರೂ 12 ವಾರದ ತರಬೇತಿ ಪಡೆದ ಮನೆಗಳಲ್ಲಿ ಅದರ ಪ್ರಯೋಜನ ವರ್ಷಗಳ ನಂತರವೂ ಉಳಿದಿತ್ತು. ಹೊತ್ತಿಗೆ ಸರಿಯಾದ ಊಟ, ನಿದ್ದೆ, ಶಾಲೆಯ ದಿನಚರಿ, ಸಾವಿನ ಬಗ್ಗೆ ಮುಚ್ಚುಮರೆಯಿಲ್ಲದ ಮಾತು, ಅಗಲಿದವರ ಹೆಸರನ್ನು ಮನೆಯಲ್ಲಿ ಸಲೀಸಾಗಿ ಆಡುವುದು, ಇವೇ ಮಗುವನ್ನು ಕಾಯುವ ಆಸರೆ.