355 ರೂಪಾಯಿಗೆ ಕೊಡೋದಾ, ಇಟ್ಟುಕೊಳ್ಳೋದಾ? ಕೇರ್ನ್ ಇಂಡಿಯಾದ ಸಣ್ಣ ಷೇರುದಾರರ ಲೆಕ್ಕಾಚಾರ

ಊರಲ್ಲೊಂದು ಮನೆ, ಒಂದಿಷ್ಟು ಚಿನ್ನ, ಎನ್‌ಆರ್‌ಇ ಡಿಪಾಸಿಟ್. ಇಷ್ಟಾದ ಮೇಲೆ ಗಲ್ಫ್ ಕನ್ನಡಿಗರ ಉಳಿತಾಯದ ದುಡ್ಡು ಹೋಗುವುದು ಷೇರಿಗೆ. ಅದರಲ್ಲೂ ತೈಲ ಕಂಪನಿ ಷೇರು ಅಂದ್ರೆ ಇಲ್ಲಿನವರಿಗೆ ಸ್ವಲ್ಪ ಜಾಸ್ತಿಯೇ ನಂಬಿಕೆ, ದಿನಾ ಕಣ್ಣೆದುರು ಕಾಣುವ ವ್ಯವಹಾರವಲ್ಲವೇ. ಆದರೆ ಷೇರು ಇಟ್ಟುಕೊಂಡ ಕಂಪನಿಯನ್ನೇ ಇನ್ನೊಬ್ಬರು ಕೊಳ್ಳಲು ಬಂದರೆ? ಒಂದು ದಿನ ಮನೆಗೆ ದಪ್ಪನೆಯ ಲಕೋಟೆ ಬರುತ್ತದೆ. 'ನಿಮ್ಮ ಷೇರನ್ನು ಇಂತಿಷ್ಟು ಬೆಲೆಗೆ ಕೊಳ್ಳುತ್ತೇವೆ, ಇಂಥ ತಾರೀಕಿನೊಳಗೆ ತಿಳಿಸಿ' ಎಂದು ಅದರಲ್ಲಿ ಬರೆದಿರುತ್ತದೆ. ನೂರೋ ಇನ್ನೂರೋ ಷೇರು ಇರುವವರಿಗೆ ಚೌಕಾಸಿ ಮಾಡುವ ಅಧಿಕಾರ ಇಲ್ಲ. ಕೊಡಬಹುದು, ಇಲ್ಲಾಂದ್ರೆ ಸುಮ್ಮನಿರಬಹುದು, ಅಷ್ಟೇ. ಹಾಗಾದರೆ ಅವರು ಯಾವುದನ್ನು ತೂಗಿ ನೋಡಬೇಕು? ಭಾರತದಲ್ಲಿ ಇದನ್ನು ಅರ್ಥಮಾಡಿಕೊಳ್ಳಲು ಕೇರ್ನ್ ಇಂಡಿಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸ್ಕಾಟ್ಲೆಂಡಿನ ಕೇರ್ನ್ ಎನರ್ಜಿ ಕಂಪನಿ 2004ರಲ್ಲಿ ರಾಜಸ್ಥಾನದ ಬಾರ್ಮೇರ್ ಮರುಭೂಮಿಯಲ್ಲಿ 'ಮಂಗಳಾ' ತೈಲ ನಿಕ್ಷೇಪವನ್ನು ಪತ್ತೆಹಚ್ಚಿತು. ಅದರ ಭಾರತೀಯ ಅಂಗಸಂಸ್ಥೆ ಕೇರ್ನ್ ಇಂಡಿಯಾ 2006ರ ಡಿಸೆಂಬರ್‌ನಲ್ಲಿ ಜನರಿಗೆ ಷೇರು ಕೊಟ್ಟಿತು, ಬೆಲೆ ತಲಾ 160 ರೂಪಾಯಿ. ಉತ್ಪಾದನೆ ಶುರುವಾಗಿದ್ದು 2009ರ ಆಗಸ್ಟ್‌ನಲ್ಲಿ. ಮೇಣದಂತೆ ಗಟ್ಟಿಯಾಗುವ ಕಚ್ಚಾತೈಲ ಅದು, ಬಿಸಿ ಮಾಡುತ್ತಲೇ ಇರಬೇಕು. ಅದಕ್ಕಾಗಿ ಗುಜರಾತ್ ಕರಾವಳಿಯವರೆಗೆ ದಾರಿಯುದ್ದಕ್ಕೂ ಕಾಯಿಸುವ ಪೈಪ್‌ಲೈನ್ ಹಾಕಬೇಕಾಯಿತು. ಈ ತೈಲ ಕೊಳ್ಳಲು ಸರ್ಕಾರ ಗೊತ್ತುಮಾಡಿದ ಕಂಪನಿಗಳಲ್ಲಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಇತ್ತು.

ಬಾವಿಯಿಂದ ತೈಲ ಬರತೊಡಗಿ ಒಂದು ವರ್ಷ ತುಂಬುವಷ್ಟರಲ್ಲಿ, 2010ರ ಆಗಸ್ಟ್ 16ರಂದು, ವೇದಾಂತ ಸಮೂಹ ಕೇರ್ನ್ ಇಂಡಿಯಾವನ್ನು ಕೊಳ್ಳುವುದಾಗಿ ಘೋಷಿಸಿತು. ಶೇ. 62ಕ್ಕೂ ಹೆಚ್ಚು ಪಾಲು ಹೊಂದಿದ್ದ ಕೇರ್ನ್ ಎನರ್ಜಿಗೆ ಪ್ರತಿ ಷೇರಿಗೆ 405 ರೂಪಾಯಿ. ಉಳಿದ ಷೇರುದಾರರಿಗೆ, ವೇದಾಂತದ್ದೇ ಅಂಗಸಂಸ್ಥೆ ಸೆಸಾ ಗೋವಾ ಮೂಲಕ ಓಪನ್ ಆಫರ್, ಬೆಲೆ 355 ರೂಪಾಯಿ. ಅದೂ ಎಲ್ಲರ ಎಲ್ಲ ಷೇರಿಗಲ್ಲ, ಕಂಪನಿಯ ಶೇ. 20ರಷ್ಟಕ್ಕೆ ಮಾತ್ರ.

ಒಂದೇ ಕಂಪನಿ, ಒಂದೇ ಬಗೆಯ ಷೇರು. ದೊಡ್ಡವರಿಗೆ 405, ಸಣ್ಣವರಿಗೆ 355. ಇದು ಹೇಗೆ ಸಾಧ್ಯವಾಯಿತು? ಮೇಲಿನ 50 ರೂಪಾಯಿಗೆ 'ನಾನ್-ಕಾಂಪೀಟ್ ಫೀ' ಎಂದು ಹೆಸರಿಟ್ಟಿದ್ದರು. ಅಂದ್ರೆ, ಮಾರಿ ಹೋದವರು ಮತ್ತೆ ಬಂದು ಅದೇ ವ್ಯಾಪಾರದಲ್ಲಿ ಪೈಪೋಟಿ ಕೊಡುವುದಿಲ್ಲ ಎಂಬ ಮಾತಿಗೆ ಕೊಡುವ ಹಣ. ಆಗ ಜಾರಿಯಲ್ಲಿದ್ದ ಸೆಬಿಯ 1997ರ ನಿಯಮದಲ್ಲಿ, ಆಫರ್ ಬೆಲೆಯ ಶೇ. 25ರವರೆಗೆ ಇಂಥ ಶುಲ್ಕವನ್ನು ಪ್ರವರ್ತಕರಿಗೆ ಮಾತ್ರ ಪ್ರತ್ಯೇಕವಾಗಿ ಕೊಡಲು ಅವಕಾಶವಿತ್ತು. 355ಕ್ಕೆ 50 ಅಂದ್ರೆ ಶೇ. 14ರ ಆಸುಪಾಸು. ಹಾಗಾಗಿ ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ಆದರೆ ಸರ್ಕಾರದ ಒಪ್ಪಂದ, ಪರವಾನಗಿ ಎಲ್ಲ ಬೇಕಾದ ಬಾರ್ಮೇರ್‌ನಂಥ ಜಾಗದಲ್ಲಿ ಯಾರು ಬಂದು ಯಾರಿಗೆ ಪೈಪೋಟಿ ಕೊಡಲು ಸಾಧ್ಯ ಎಂದು ಸಣ್ಣ ಹೂಡಿಕೆದಾರರು ಕೇಳಿದ್ದರಲ್ಲಿ ನ್ಯಾಯವಿತ್ತು.

ಆಫರ್ ತಕ್ಷಣ ತೆರೆಯಲಿಲ್ಲ. ಅನುಮತಿಗಳು ತಡವಾಗಿ, ಅದು ತೆರೆದಿದ್ದು 2011ರ ಏಪ್ರಿಲ್ 11ಕ್ಕೆ, ಮುಚ್ಚಿದ್ದು ಏಪ್ರಿಲ್ 30ಕ್ಕೆ. ಈ ಎಂಟು ತಿಂಗಳಲ್ಲಿ ಏನಾಯಿತು ಎಂಬುದು ಇಲ್ಲಿರುವವರಿಗೆ ನೆನಪಿರಬಹುದು. ಬೆಲೆ ನಿಗದಿಯಾದಾಗ ಬ್ಯಾರಲ್‌ಗೆ 75 ಡಾಲರ್ ಆಸುಪಾಸಿದ್ದ ಬ್ರೆಂಟ್ ತೈಲ, ಲಿಬಿಯಾ ಗಲಭೆಯ ನಂತರ 120 ಡಾಲರ್ ದಾಟಿತ್ತು. ಆಫರ್ ಬೆಲೆ ಮಾತ್ರ ಅದೇ 355. 'ತೈಲ ಇಷ್ಟು ಏರಿದಾಗ ಹಳೇ ರೇಟಿಗೆ ಯಾಕೆ ಕೊಡಬೇಕು?' ಎಂಬ ಪ್ರಶ್ನೆ ಸಹಜವೇ.

ಇನ್ನೊಂದು ತೊಡಕು ತೆರಿಗೆಯದ್ದು. ತುಂಬಾ ಜನ ಇದನ್ನು ಗಮನಿಸುವುದೇ ಇಲ್ಲ. ಆ ಕಾಲದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರನ್ನು ಎಕ್ಸ್‌ಚೇಂಜ್‌ನಲ್ಲಿ ಮಾರಿ, ಚಿಕ್ಕ ಮೊತ್ತದ ಎಸ್‌ಟಿಟಿ ಕಟ್ಟಿದರೆ ಲಾಭಕ್ಕೆ ತೆರಿಗೆ ಇರಲಿಲ್ಲ. ಆದರೆ ಓಪನ್ ಆಫರ್‌ನಲ್ಲಿ ಕೊಟ್ಟರೆ ಅದು ಎಕ್ಸ್‌ಚೇಂಜ್ ಹೊರಗಿನ ವ್ಯವಹಾರ, ತೆರಿಗೆ ಬೀಳುತ್ತಿತ್ತು. ಲೆಕ್ಕ ಹಾಕಿ ನೋಡಿ. 160ಕ್ಕೆ ಕೊಂಡವರು 355ಕ್ಕೆ ಕೊಟ್ಟರೆ ಲಾಭ 195. ಶೇ. 10ರ ತೆರಿಗೆ ಅಂದ್ರೆ 19 ರೂಪಾಯಿ 50 ಪೈಸೆ. ಸೆಸ್ ಬಿಟ್ಟು ಕೈಗೆ ಬರುವುದು 335 ರೂಪಾಯಿ 50 ಪೈಸೆ. ಅದೇ ಷೇರಿಗೆ ಮಾರುಕಟ್ಟೆಯಲ್ಲಿ 340 ಸಿಕ್ಕರೂ ಸಾಕು, ಆಫರ್‌ಗಿಂತ ಲಾಭ! ಕಾಗದದ ಮೇಲೆ 355 ದೊಡ್ಡದು, ಜೇಬಿಗೆ 340 ದೊಡ್ಡದು.

ಅನಿವಾಸಿಗಳ ಪಾಡಂತೂ ಕೇಳುವುದೇ ಬೇಡ. ಓಪನ್ ಆಫರ್‌ಗೆ ಷೇರು ಕೊಡುವ ಎನ್‌ಆರ್‌ಐಗಳು ಷೇರು ಕೊಂಡಾಗಿನ ರಿಸರ್ವ್ ಬ್ಯಾಂಕ್ ಅನುಮತಿಯ ಪ್ರತಿ ಕೊಡಬೇಕು. ಆದಾಯ ತೆರಿಗೆ ಇಲಾಖೆಯಿಂದ ಎಷ್ಟು ತೆರಿಗೆ ಕಡಿಯಬೇಕೆಂಬ ಪ್ರಮಾಣಪತ್ರ ತರಬೇಕು, ಇಲ್ಲದಿದ್ದರೆ ಕೊಳ್ಳುವ ಕಂಪನಿ ಗರಿಷ್ಠ ದರದಲ್ಲಿ ಕಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಇದರ ಮೇಲೆ ಸಹಿ ಹಾಕಿದ ಫಾರಂ ಕೊನೆಯ ದಿನದೊಳಗೆ ರಿಜಿಸ್ಟ್ರಾರ್ ಕಚೇರಿ ತಲುಪಬೇಕು. ಜುಬೈಲ್‌ನಲ್ಲೋ ಸಲಾಲದಲ್ಲೋ ಡ್ಯೂಟಿ ಮಾಡುವವರಿಗೆ ಇಪ್ಪತ್ತು ದಿನದಲ್ಲಿ ಇದೆಲ್ಲ ಆಗುವ ಮಾತಾ?

ಆಫರ್ ನಡೆಯುತ್ತಿರುವಾಗಲೇ ಇನ್ನೊಂದು ವಿಚಿತ್ರ ನಡೆಯಿತು. ಕೇರ್ನ್ ಇಂಡಿಯಾದಲ್ಲಿ ದೊಡ್ಡ ಪಾಲು ಹೊಂದಿದ್ದ ಮಲೇಷ್ಯಾದ ಪೆಟ್ರೋನಾಸ್ ತನ್ನ ಶೇ. 10.4ರಷ್ಟು ಷೇರನ್ನು ಸೆಸಾ ಗೋವಾಕ್ಕೇ ಮಾರಿತು, ತಲಾ 331 ರೂಪಾಯಿಗೆ. 355ರ ಬಾಗಿಲು ತೆರೆದಿದ್ದಾಗ 331ಕ್ಕೆ ಯಾಕೆ ಕೊಟ್ಟಿತು ಅನ್ನಿಸಬಹುದು. ಮೇಲಿನ ತೆರಿಗೆ ಲೆಕ್ಕ ನೋಡಿದರೆ ಅಷ್ಟೇನೂ ಅಚ್ಚರಿಯಲ್ಲ. ಜೊತೆಗೆ, ಆಫರ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಷೇರು ಬಂದರೆ ಪ್ರಮಾಣಕ್ಕೆ ತಕ್ಕಂತೆ ಸ್ವಲ್ಪ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತಾರೆ. ದೊಡ್ಡ ಗಂಟು ಇರುವವರಿಗೆ ಆ ಅನಿಶ್ಚಿತತೆ ಬೇಡವಾಗಿರುತ್ತದೆ. ಕೊನೆಗೆ ಆಫರ್‌ನಲ್ಲಿ ಬಂದದ್ದು ಶೇ. 8.1 ಮಾತ್ರ, ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಕೊಟ್ಟವರ ಷೇರೆಲ್ಲ ಹೋಯಿತು, ಹೆಚ್ಚಿನವರು ಇಟ್ಟುಕೊಂಡರು.

ಇಟ್ಟುಕೊಂಡವರಿಗೆ ಮುಂದೇನಾಯಿತು?

ಮೊದಲ ಪೆಟ್ಟು ಎರಡೇ ತಿಂಗಳಲ್ಲಿ ಬಿತ್ತು. ಬಾರ್ಮೇರ್ ಬ್ಲಾಕ್‌ನಲ್ಲಿ ಓಎನ್‌ಜಿಸಿ ಪಾಲು ಶೇ. 30, ಆದರೆ ರಾಯಲ್ಟಿ ಪೂರ್ತಿ ಕಟ್ಟುತ್ತಿದ್ದುದು ಅದೇ. 2011ರ ಜೂನ್ 30ರಂದು ಕೇಂದ್ರ ಸಂಪುಟ ಸಮಿತಿ ಮಾರಾಟಕ್ಕೆ ಒಪ್ಪಿತು, ಆದರೆ ರಾಯಲ್ಟಿಯನ್ನು ಯೋಜನೆಯ ಖರ್ಚಿನಲ್ಲಿ ಸೇರಿಸಬೇಕು ಎಂಬ ಷರತ್ತು ಹಾಕಿತು. ಅಂದ್ರೆ ಕೇರ್ನ್ ಇಂಡಿಯಾದ ಲಾಭಕ್ಕೆ ಕತ್ತರಿ. ಮಾರಾಟದ ಹಣ ಹೋಗುವುದು ಕೇರ್ನ್ ಎನರ್ಜಿಗೆ, ಅನುಮತಿಯ ಬೆಲೆ ತೆರುವುದು ಉಳಿದ ಷೇರುದಾರರೂ ಸೇರಿ. ಸೆಪ್ಟೆಂಬರ್‌ನಲ್ಲಿ ಅಂಚೆ ಮತದಾನದಲ್ಲಿ ಷರತ್ತುಗಳಿಗೆ ಒಪ್ಪಿಗೆ ಸಿಕ್ಕಿತು. ಅದೇ ಜೂನ್ ಹೊತ್ತಿಗೆ ಆ 50 ರೂಪಾಯಿ ಶುಲ್ಕವನ್ನೂ ಕೈಬಿಟ್ಟರು. ಹೀಗೆ ದೊಡ್ಡವರು ಸಣ್ಣವರು ಸಮಾನರಾದರು, ಸಣ್ಣವರ ಬೆಲೆ ಏರಿ ಅಲ್ಲ, ದೊಡ್ಡವರ ಬೆಲೆ ಇಳಿದು. ಡಿಸೆಂಬರ್‌ನಲ್ಲಿ ವ್ಯವಹಾರ ಮುಗಿಯಿತು.

ಎರಡನೆಯದು 2014ರ ಜುಲೈನಲ್ಲಿ. ಕೇರ್ನ್ ಇಂಡಿಯಾ ವೇದಾಂತ ಸಮೂಹದ್ದೇ ಒಂದು ಕಂಪನಿಗೆ 125 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದು ಹೊರಬಂದು ಷೇರು ಬೆಲೆ ಕುಸಿಯಿತು. ಹೊಸ ಯಜಮಾನರು ಯಾರು, ಅವರಿಗೆ ಸಾಲ ಎಷ್ಟಿದೆ, ಕಂಪನಿಯ ನಗದು ಎಲ್ಲಿಗೆ ಹೋದೀತು ಎಂಬುದು ಆಫರ್ ಬೆಲೆಯಷ್ಟೇ ಮುಖ್ಯ ಎಂದು ಆಗ ಹಲವರಿಗೆ ಮನವರಿಕೆಯಾಯಿತು. ಅದರ ಹಿಂದೆಯೇ ತೈಲ ಬೆಲೆಯೂ ಬಿತ್ತು, 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ.

2015ರ ಜೂನ್‌ನಲ್ಲಿ ಕೇರ್ನ್ ಇಂಡಿಯಾವನ್ನು ವೇದಾಂತದಲ್ಲಿ ವಿಲೀನ ಮಾಡುವ ಪ್ರಸ್ತಾಪ ಬಂತು. ಒಂದು ಕೇರ್ನ್ ಷೇರಿಗೆ ಒಂದು ವೇದಾಂತ ಷೇರು, ಜೊತೆಗೆ 10 ರೂಪಾಯಿಯ ಒಂದು ಪ್ರಿಫರೆನ್ಸ್ ಷೇರು. ಇಲ್ಲಿ ಸಣ್ಣವರ ಕೈಗೆ ಒಂದು ಅಸ್ತ್ರ ಸಿಕ್ಕಿತ್ತು. ಪ್ರವರ್ತಕರ ಕಂಪನಿಯ ಜೊತೆಗಿನ ವಿಲೀನಕ್ಕೆ ಸಾರ್ವಜನಿಕ ಷೇರುದಾರರ ಮತಗಳಲ್ಲಿ ಪರವಾದವು ವಿರೋಧಕ್ಕಿಂತ ಹೆಚ್ಚಿರಬೇಕು, ಪ್ರವರ್ತಕರ ಮತ ಅದರಲ್ಲಿ ಲೆಕ್ಕಕ್ಕಿಲ್ಲ. ಎಲ್‌ಐಸಿಯಂಥ ದೊಡ್ಡ ಹೂಡಿಕೆದಾರರೂ ಈ ಸಾಲಿನಲ್ಲೇ ಇದ್ದರು. ಒಂದು ವರ್ಷ ಕಳೆದು, 2016ರ ಜುಲೈನಲ್ಲಿ, ಒಂದು ಪ್ರಿಫರೆನ್ಸ್ ಷೇರು ನಾಲ್ಕಾಯಿತು, ಅಂದ್ರೆ 30 ರೂಪಾಯಿ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಮತ ಬಿತ್ತು, 2017ರ ಏಪ್ರಿಲ್‌ನಲ್ಲಿ ಕೇರ್ನ್ ಇಂಡಿಯಾ ಎಂಬ ಹೆಸರು ಷೇರುಪೇಟೆಯಿಂದ ಮಾಯವಾಯಿತು. ಆರು ವರ್ಷ ಕಾದವರ ಕೈಗೆ ಬಂದದ್ದರ ಬೆಲೆ, ನಡುವೆ ಬಂದ ಡಿವಿಡೆಂಡ್ ಬಿಟ್ಟರೆ, ಆ ಹಳೇ 355ನ್ನು ಮುಟ್ಟಲಿಲ್ಲ.

ಇಂದು ನಿಯಮ ಬದಲಾಗಿದೆ. 2011ರ ಅಕ್ಟೋಬರ್ 22ರಿಂದ ಜಾರಿಯಾದ ಸೆಬಿಯ ಹೊಸ ನಿಯಮದ ಪ್ರಕಾರ ಶೇ. 25 ಮುಟ್ಟಿದರೆ ಓಪನ್ ಆಫರ್ ಕಡ್ಡಾಯ, ಕನಿಷ್ಠ ಶೇ. 26ಕ್ಕೆ. ಪ್ರವರ್ತಕರಿಗೆ ಯಾವ ಹೆಸರಲ್ಲಿ ಹೆಚ್ಚು ಕೊಟ್ಟರೂ ಅದನ್ನು ಸಣ್ಣವರ ಬೆಲೆಗೂ ಸೇರಿಸಬೇಕು. 2015ರಿಂದ ಎಕ್ಸ್‌ಚೇಂಜ್ ಮೂಲಕವೇ ಷೇರು ಕೊಡುವ ವ್ಯವಸ್ಥೆ ಬಂದು ಆ ತೆರಿಗೆ ಗೊಂದಲವೂ ತಪ್ಪಿತು. ಈಗ ಹೇಗೆ ಮಾರಿದರೂ ದೀರ್ಘಾವಧಿ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ ಶೇ. 12.5 ತೆರಿಗೆ, ಎನ್‌ಆರ್‌ಐಗಳಿಗೆ ಟಿಡಿಎಸ್ ಕಡಿತ ಮೊದಲೇ ಆಗುತ್ತದೆ. ಆದರೆ ಎಲ್ಲ ಮಾರಾಟಕ್ಕೂ ಓಪನ್ ಆಫರ್ ಬರುತ್ತದೆ ಎಂದುಕೊಳ್ಳುವುದು ಬೇಡ. 2018ರ ಜನವರಿಯಲ್ಲಿ ಓಎನ್‌ಜಿಸಿ ಸರ್ಕಾರದಿಂದ ಎಚ್‌ಪಿಸಿಎಲ್‌ನ ಶೇ. 51.11 ಪಾಲನ್ನು 36,915 ಕೋಟಿಗೆ ಕೊಂಡಾಗ, ಸರ್ಕಾರದ್ದೇ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ವ್ಯವಹಾರ ಎಂದು ವಿನಾಯಿತಿ ಸಿಕ್ಕಿ, ಸಣ್ಣ ಷೇರುದಾರರ ಮನೆಗೆ ಯಾವ ಲಕೋಟೆಯೂ ಬರಲಿಲ್ಲ.