ಬಿಸಿಲು ತಾಗಿದ ಬಿಯರ್

ಎರಡು ಗಾಜಿನ ಲೋಟ, ಒಂದೇ ಜಾಡಿಯ ಬಿಯರ್. ಒಂದನ್ನು ಹಿತ್ತಿಲ ಮೇಪಲ್ ಮರದ ನೆರಳಲ್ಲಿಟ್ಟೆ, ಇನ್ನೊಂದನ್ನು ಜಗಲಿಯ ಕಟಕಟೆಯ ಮೇಲೆ ಸುಡುಬಿಸಿಲಿಗೆ. ಹತ್ತು ನಿಮಿಷ ಬಿಟ್ಟು ಮೂಸಿದರೆ, ನೆರಳಿನ ಲೋಟದಲ್ಲಿ ಹಾಪ್ಸ್ ಹೂವಿನ ಕಂಪು ಹಾಗೇ ಇತ್ತು. ಬಿಸಿಲಿನದನ್ನು ಮೂಗಿನ ಹತ್ತಿರ ತರುವಂತಿರಲಿಲ್ಲ. ಸುಟ್ಟ ರಬ್ಬರಿನಂಥ ಕಮಟು. ನಾನಿರುವ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದನ್ನು ‘ಸ್ಕಂಕಿ’ ಎನ್ನುತ್ತಾರೆ. ಹೆದರಿದ ಸ್ಕಂಕ್ ಪ್ರಾಣಿ ಚಿಮ್ಮಿಸುವ ನಾತಕ್ಕೂ ಇದಕ್ಕೂ ನಿಜಕ್ಕೂ ನಂಟಿದೆ. ಎರಡರಲ್ಲೂ ಇರುವುದು ಗಂಧಕದ ಒಂದೇ ಬಳಗದ ಸಂಯುಕ್ತಗಳು.

ಮನೆಯಲ್ಲಿ ಬಿಯರ್ ಮಾಡುವವರು ಹಂಡೆ ಹೊತ್ತು ಹಿತ್ತಿಲಿಗೆ ಬರುವುದು ಸುಮ್ಮನೆ ಅಲ್ಲ. ಮಾಲ್ಟಿನ ರಸ ಗಂಟೆ ಹೊತ್ತು ಕುದಿಯಬೇಕು, ಉಕ್ಕಿದರೆ ಅಡುಗೆಮನೆಯೆಲ್ಲ ಅಂಟಂಟು.

ಹಂಡೆಗೆ ಹಾಪ್ಸ್ ಬೀಳುವ ತನಕ, ಬಿಸಿಲಿದ್ದರೂ ಈ ನಾತದ ಭಯವಿಲ್ಲ. ಕುದಿಯುವಾಗ ಹಾಪ್ಸಿನ ಆಮ್ಲಗಳು ರೂಪ ಬದಲಿಸಿ ಬಿಯರಿಗೆ ಕಹಿ ಕೊಡುತ್ತವೆ. ಬೆಳಕಿಗೆ ಮುರಿಯುವುದು ಆ ಕಹಿಯೇ. ಬೆಳಕನ್ನು ಹೀರಿ ಅದರ ಶಕ್ತಿಯನ್ನು ಕಹಿಗೆ ದಾಟಿಸುವುದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್. ಬಿಸಿಲಿಗಿಟ್ಟ ಹಾಲಿನ ರುಚಿ ಕೆಡಿಸುವುದೂ ಇದೇ. ಮುರಿದ ತುಣುಕಿಗೆ ಗಂಧಕ ಸೇರಿದರೆ ಮುಗಿಯಿತು; ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಈ ಮುರಿತದ ಹೆಜ್ಜೆಗಳನ್ನು 2001ರಲ್ಲಿ ಬಿಡಿಸಿ ತೋರಿಸಿದವರು ಇದೇ ರಾಜ್ಯದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು, ಬೆಲ್ಜಿಯಮ್ಮಿನ ಗೆಂಟ್‌ನವರ ಜೊತೆಗೂಡಿ.

ಕಂದು ಬಾಟಲಿಯ ಗುಟ್ಟು ಇಷ್ಟೇ: ಕೇಡು ಮಾಡುವ ನೀಲಿ ಮತ್ತು ಅತಿನೇರಳೆ ಬೆಳಕನ್ನು ಅದು ಬಹುಪಾಲು ತಡೆಯುತ್ತದೆ. ಹಸಿರು ಗಾಜು ಅಷ್ಟು ತಡೆಯದು. ಬಿಳಿ ಗಾಜು ತಡೆಯುವುದೇ ಇಲ್ಲ ಎನ್ನಬೇಕು. ನಮ್ಮ ಹುದುಗು ಜಾಡಿ ಬಿಳಿ ಗಾಜಿನದೇ, 19 ಲೀಟರಿನದು. ಅದಕ್ಕೆ ಹಳೆಯ ಕಪ್ಪು ಟೀ ಶರ್ಟ್ ತೊಡಿಸುತ್ತೇನೆ. ಕೊರಳಿನಿಂದ ಅನಿಲ ಹೊರಬಿಡುವ ಏರ್‌ಲಾಕ್ ಮಾತ್ರ ಹೊರಗೆ ಇಣುಕಿ ಬುಳಕ್ ಬುಳಕ್ ಎನ್ನುತ್ತಿರುತ್ತದೆ. ಆದರೆ ಬಟ್ಟೆ ಬೆಳಕು ತಡೆದೀತು, ಕಾವು ತಡೆಯದು. ಜಾಡಿ ಬಿಸಿಯೇರಿದರೆ ಯೀಸ್ಟ್ ಕೆರಳಿ ಬೇರೆಯೇ ಕೆಟ್ಟ ರುಚಿ ಹುಟ್ಟಿಸುತ್ತದೆ. ಹಾಗಾಗಿ ಹಂಡೆಯ ರಸ ತಣಿದು ಜಾಡಿಗೆ ಇಳಿದ ಕೂಡಲೇ ಜಾಡಿ ಮನೆಯೊಳಗಿನ ಕತ್ತಲ ಮೂಲೆಗೆ.

ಈ ಕಾವಿಗೆ ಅಂಜಿಯೇ ಜರ್ಮನಿಯ ಮ್ಯೂನಿಕ್‌ನ ಬಿಯರ್ ತಯಾರಕರು ಹಿಂದೆ, ಬಿಯರ್ ಇಡುವ ನೆಲಮಾಳಿಗೆ ತಂಪಾಗಿರಲೆಂದು ಮೇಲೆ ಚೆಸ್ಟ್‌ನಟ್ ಮರ ನೆಟ್ಟರು. ಆ ನೆರಳೇ ಬಿಯರ್ ಗಾರ್ಡನ್ ಆಯಿತು. ನಮಗಿರುವುದು ಒಂದೇ ಮೇಪಲ್. ಮಧ್ಯಾಹ್ನ ಎರಡು ದಾಟಿದರೆ ಅದರ ನೆರಳು ಪೂರ್ವಕ್ಕೆ ಸರಿಯುತ್ತದೆ. ಲೋಟಗಳ ಸಮೇತ ಮೇಜನ್ನೂ ಅದರ ಹಿಂದೆಯೇ ಎಳೆದುಕೊಂಡು ಹೋಗುತ್ತೇವೆ.